ಎಂ.ಎ. ಸೇರಿದ ಮೇಲೂ ಯೂನಿವರ್ಸಿಟಿ ತಂಡಕ್ಕೆ ಆಡಬಹುದಾ?

ಪ್ರಶ್ನೆ: ನಮಸ್ತೆ ಸರ್. 2018ರಲ್ಲಿ ಪಿಯುಸಿ, 2021ರಲ್ಲಿ ಬಿ.ಎ. ಮುಗಿಸಿದೆ. ಡಿಗ್ರಿಯಲ್ಲಿ ಖೋ ಖೋ ಆಡ್ತಿದ್ದೆ, ಕೊನೇ ವರ್ಷ ಕೊರೋನಾದಿಂದ ಪಂದ್ಯಗಳೇ ನಡೀಲಿಲ್ಲ. ಆಮೇಲೆ ನಾಲ್ಕು ವರ್ಷ ಕೆಲಸ ಮಾಡಿ, ಬಿಟ್ಟು, ಈಗ 2025ರಲ್ಲಿ ರೆಗ್ಯುಲರ್ ಎಂ.ಎ. ಸೇರಿದ್ದೀನಿ. ಹುಟ್ಟಿದ್ದು 14 ಸೆಪ್ಟೆಂಬರ್ 2000. ಇಷ್ಟು ಗ್ಯಾಪ್ ಆದವರನ್ನ ತಗೊಳ್ಳಲ್ಲ ಅಂತಾರೆ, ನಿಜಾನಾ?

ಉತ್ತರ (ದೈಹಿಕ ಶಿಕ್ಷಣ ನಿರ್ದೇಶಕ): ನಿಜ ಅಲ್ಲಮ್ಮ. ಗ್ಯಾಪ್ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಯಾರೂ ನಿನ್ನ ಬಿಡೋ ಹಾಗಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನ ನಡೆಸೋದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. ಅವರು ನೋಡೋದು ಮುಖ್ಯವಾಗಿ ಎರಡು ಲೆಕ್ಕ. ಆ ವರ್ಷದ ಜುಲೈ 1ಕ್ಕೆ 25 ತುಂಬಿರಬಾರದು. ಪಿಯುಸಿ ಪಾಸಾಗಿ 8 ವರ್ಷ ದಾಟಿರಬಾರದು. 2025ರ ಜುಲೈ 1ಕ್ಕೆ ನಿನಗೆ 24 ವರ್ಷ 9 ತಿಂಗಳು, ಪಿಯುಸಿ ಆಗಿ 7 ವರ್ಷ. ನೀನು ಆಡಬಹುದು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಎಂ.ಎ. ಎರಡು ವರ್ಷ ಇದ್ದರೂ ನಿನಗಿರೋದು ಇದೊಂದೇ ಸೀಸನ್. ಮುಂದಿನ ಜುಲೈ ಹೊತ್ತಿಗೆ 25 ದಾಟಿರುತ್ತೆ. 'ಈ ವರ್ಷ ಓದು, ಮುಂದಿನ ವರ್ಷ ಆಟ' ಅಂತ ಮುಂದೂಡಬೇಡ. ನಮ್ಮಲ್ಲಿ ಪಿಜಿ ಅಡ್ಮಿಷನ್ ತಡ ಆಗುತ್ತೆ, ಅಷ್ಟರಲ್ಲಿ ಕೆಲವು ಆಟಗಳ ಟ್ರಯಲ್ಸ್ ಮುಗಿದೇ ಹೋಗಿರುತ್ತೆ. ಒಳ್ಳೊಳ್ಳೆ ಆಟಗಾರ್ತಿಯರು ಹೀಗೆ ಕೈತಪ್ಪಿ ಹೋಗಿದ್ದನ್ನ ನೋಡಿ ನನಗೆ ಬಹಳ ಸಂಕಟ ಆಗಿದೆ. ಫೀ ರಸೀದಿ ಕೈಗೆ ಬಂದ ದಿನವೇ ಕ್ರೀಡಾ ವಿಭಾಗಕ್ಕೆ ಹೋಗಿ ಖೋ ಖೋ ಟ್ರಯಲ್ಸ್ ಯಾವತ್ತು ಅಂತ ಕೇಳು. ಅಡ್ಮಿಷನ್ ಪ್ರಾವಿಷನಲ್ ಆಗಿದ್ದರೆ ಬೇಗ ಖಾಯಂ ಮಾಡಿಸಿಕೋ.

ಕೆಲಸ ಬಿಟ್ಟಿದ್ದಕ್ಕೆ ರಿಲೀವಿಂಗ್ ಲೆಟರ್ ಇಟ್ಟುಕೋ, ಪೂರ್ಣಾವಧಿ ನೌಕರಿಯಲ್ಲಿರುವವರಿಗೆ ಅವಕಾಶ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿ ಜೊತೇಲಿರಲಿ. ನಮ್ಮ ಒಬ್ಬ ಹುಡುಗನ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ಪರಿಶೀಲನೆ ಟೇಬಲ್ ಮುಂದೆ ಅರ್ಧ ದಿನ ನಿಂತ. ಆಮೇಲೆ ಆಡಿದ, ಆದರೆ ವಾರ್ಮಪ್ಪೂ ಇಲ್ಲದೆ.

ಪ್ರಶ್ನೆ: ಥ್ಯಾಂಕ್ಸ್ ಸರ್. ನನ್ನ ತಮ್ಮ ದೂರಶಿಕ್ಷಣದಲ್ಲಿ ಎಂ.ಕಾಂ. ಮಾಡ್ತಿದ್ದಾನೆ, ಅವನೂ ಖೋ ಖೋ ಆಟಗಾರ. ಅವನಿಗೆ?

ಉತ್ತರ: ಅವನಿಗೆ ಆಗಲ್ಲಮ್ಮ, ರೆಗ್ಯುಲರ್ ವಿದ್ಯಾರ್ಥಿಯೇ ಆಗಿರಬೇಕು. ಯಾರಾದರೂ 'ಅಡ್ಜಸ್ಟ್ ಮಾಡ್ತೀವಿ' ಅಂದರೆ ದಯವಿಟ್ಟು ಒಪ್ಪಬೇಡಿ. ಅರ್ಹತೆ ಇಲ್ಲದ ಒಬ್ಬ ಸಿಕ್ಕಿಬಿದ್ದರೆ ಹೊರಗೆ ಬೀಳೋದು ಇಡೀ ತಂಡ. ಅವನು ಜಿಲ್ಲಾ ಖೋ ಖೋ ಸಂಸ್ಥೆಯವರನ್ನ ಕಾಣಲಿ. ಸೀನಿಯರ್ ಆಯ್ಕೆಗೆ ಕಾಲೇಜಿನ ರಸೀದಿ ಬೇಡ.

ನೀನು ಚೇಸಿಂಗ್ ಚೆನ್ನಾಗಿ ಮಾಡ್ತೀಯೋ, ತಪ್ಪಿಸಿಕೊಂಡು ಓಡೋದರಲ್ಲಿ ಮುಂದೋ? ನಾಲ್ಕು ವರ್ಷ ಬಿಟ್ಟಿದ್ದೀಯ. ಇವತ್ತು ಸಂಜೆಯಿಂದಲೇ ಮೈದಾನಕ್ಕೆ ಇಳಿ. ಮೊದಲ ವಾರ ಕಂಬ ಹಿಡಿದು ಮುಂದಕ್ಕೆ ಹಾರೋ ಪೋಲ್ ಡೈವ್ ಮಾತ್ರ ಬೇಡ, ಮಂಡಿ ಹುಷಾರು.