ರಜೆ ದಿನ ಡ್ಯೂಟಿಗೆ ಕರೆದರೆ 'ಆಗಲ್ಲ' ಅನ್ನುವುದು ಹೇಗೆ? ನರ್ಸ್‌ಗಳ ಅನುಭವ

ಪ್ರಶ್ನೆ: ನಾಲ್ಕು ವರ್ಷದಿಂದ ಮೆಡಿಕಲ್ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ. ರಜೆ ದಿನವೂ ಇನ್‌ಚಾರ್ಜ್ ಫೋನ್ ಮಾಡಿ 'ಯಾರೂ ಇಲ್ಲ, ಬರ್ತೀಯಾ?' ಅಂತಾರೆ. ಹೋದರೆ ಮೈಕೈ ನೋವು. ಹೋಗದಿದ್ದರೆ ದಿನವಿಡೀ ಪೇಷೆಂಟ್‌ಗಳದೇ ಯೋಚನೆ, ಏನೋ ತಪ್ಪು ಮಾಡಿದ ಹಾಗೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಐಸಿಯು, 14 ವರ್ಷ:
ನಾನೂ ಕರೆದಾಗಲೆಲ್ಲ ಹೋಗುತ್ತಿದ್ದೆ. ಒಂದು ಸಲ ಮೂರು ನೈಟ್ ಮುಗಿಸಿ ನಾಲ್ಕನೆಯದಕ್ಕೂ ಒಪ್ಪಿಕೊಂಡೆ. ಬೆಳಗಿನ ಜಾವ ಒಬ್ಬರಿಗೆ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಅದನ್ನು ಕೊಡುವ ಮುಂಚೆ ಇಬ್ಬರು ನೋಡಬೇಕು. ಜೊತೆಗಿದ್ದ ಸಿಸ್ಟರ್ ಸಿರಿಂಜನ್ನು ಬೆಳಕಿಗೆ ಹಿಡಿದು, 'ಚಾರ್ಟ್‌ನಲ್ಲಿ 6 ಯೂನಿಟ್ ಇದೆ, ನೀನು 16 ಎಳೆದಿದ್ದೀಯಲ್ಲ' ಅಂದರು. ನಾನೂ ಚಾರ್ಟ್ ನೋಡಿಯೇ ಎಳೆದಿದ್ದೆ. ಕಣ್ಣು ನೋಡಿತ್ತು, ತಲೆಗೆ ಹೋಗಿರಲಿಲ್ಲ. ಪೇಷೆಂಟ್‌ಗೆ ಏನೂ ಆಗಲಿಲ್ಲ. ಆದರೆ ಆ ಸಿರಿಂಜ್ ಈಗಲೂ ಕಣ್ಣ ಮುಂದೆ ಬರುತ್ತದೆ.

ಆಮೇಲೆ ಇದರ ಬಗ್ಗೆ ಓದಿದೆ. ಅಮೆರಿಕದ ನರ್ಸ್‌ಗಳ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಬಂದಿದೆ. ಶಿಫ್ಟ್ ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆದರೆ ತಪ್ಪಾಗುವ ಸಂಭವ ಮೂರು ಪಟ್ಟಂತೆ. 'ನಾನು ಹೋಗದಿದ್ದರೆ ಪೇಷೆಂಟ್‌ಗೆ ತೊಂದರೆ' ಅಂತಷ್ಟೇ ಅಂದುಕೊಂಡಿದ್ದೆ. ನಿದ್ದೆಗೆಟ್ಟು ಹೋದರೂ ತೊಂದರೆ ಪೇಷೆಂಟ್‌ಗೇ ಅಲ್ವಾ?

ಮಕ್ಕಳ ವಾರ್ಡ್, 8 ವರ್ಷ:
ನಾನು ಮೊದಮೊದಲು ಸುಳ್ಳು ಹೇಳುತ್ತಿದ್ದೆ. ಊರಲ್ಲಿಲ್ಲ, ಜ್ವರ, ಹೀಗೆ. ಅದರಿಂದ ಮನಸ್ಸಿಗೆ ಇನ್ನೂ ಕಿರಿಕಿರಿ. ನಿಜವಾದ ಕಾರಣ ಹೇಳಿದರೂ ಕಷ್ಟ, ಅದಕ್ಕೊಂದು ದಾರಿ ಹುಡುಕಿ ಕೊಡುತ್ತಾರೆ: 'ಮಗೂನ ಅತ್ತೆ ನೋಡ್ಕೊಳ್ಳಲ್ವಾ?' ಈಗ ಇಷ್ಟೇ ಹೇಳುತ್ತೇನೆ: 'ಇವತ್ತು ಆಗಲ್ಲ ಮೇಡಂ. ಗುರುವಾರ ಡ್ಯೂಟಿಗೆ ಬರ್ತೀನಿ.'

ಹೇಳುವುದು ಸುಲಭ. ಹೇಳಿ ಸುಮ್ಮನಿರುವುದೇ ಕಷ್ಟ. ಆ ಕಡೆ ಒಂದು ಗಳಿಗೆ ಮಾತೇ ಇರುವುದಿಲ್ಲ. ಆಗ ನಮ್ಮ ಬಾಯಿ ತಾನಾಗಿ 'ನೋಡ್ತೀನಿ' ಅಂದುಬಿಡುತ್ತದೆ. ಅಲ್ಲಿಗೆ ಹೆಸರು ಬರೆದುಕೊಂಡ ಹಾಗೆಯೇ. ಆ ಒಂದು ಮಾತು ಬಿಟ್ಟುಬಿಡಿ.

ಎಮರ್ಜೆನ್ಸಿ:
ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಹ್ಯಾಂಡೋವರ್ ಕೊಡದೆ, ಅಂದರೆ ಮುಂದಿನ ಶಿಫ್ಟ್‌ನವರಿಗೆ ಪೇಷೆಂಟ್‌ಗಳನ್ನು ಒಪ್ಪಿಸದೆ, ಡ್ಯೂಟಿ ಬಿಟ್ಟು ಹೋಗುವುದು ತಪ್ಪು. ರಜೆ ದಿನ ಬರಲ್ಲ ಅನ್ನುವುದು ತಪ್ಪಲ್ಲ. ದೊಡ್ಡ ಅಪಘಾತವಾಗಿ ಒಟ್ಟಿಗೆ ತುಂಬಾ ಜನ ಬಂದಾಗ ಕರೆಯದಿದ್ದರೂ ಹೋಗಿದ್ದೇನೆ, ಮುಂದೆಯೂ ಹೋಗುತ್ತೇನೆ. ಆದರೆ ಪ್ರತಿ ವಾರವೂ ಜನ ಕಡಿಮೆ ಅಂದರೆ ಅದು ತುರ್ತು ಅಲ್ಲ, ರೋಸ್ಟರ್‌ನ (ಡ್ಯೂಟಿ ಪಟ್ಟಿಯ) ಸಮಸ್ಯೆ.

ವಾರ್ಡ್ ಇನ್‌ಚಾರ್ಜ್:
ಫೋನ್ ಮಾಡುವವಳು ನಾನೇ, ಅದಕ್ಕೆ ಆ ಕಡೆಯದನ್ನೂ ಹೇಳುತ್ತೇನೆ. ಮೊದಲು ಫೋನ್ ಹೋಗುವುದು ಬೇಗ ಒಪ್ಪುವವರಿಗೆ. ಅನ್ಯಾಯ ಅಂತ ಗೊತ್ತು, ಆದರೂ ಅವಸರದಲ್ಲಿ ಕೈ ಅವರ ನಂಬರಿಗೇ ಹೋಗುತ್ತದೆ. ಯಾರಾದರೂ 'ಆಗಲ್ಲ' ಅಂದರೆ ಒಂದು ನಿಮಿಷ ಬೇಜಾರು, ಆಮೇಲೆ ಮುಂದಿನ ನಂಬರ್. ನೀವು ದಿನವಿಡೀ ಕೊರಗುತ್ತೀರಿ, ನನಗೆ ಅಷ್ಟು ಹೊತ್ತಿಗೆ ಮರೆತೇ ಹೋಗಿರುತ್ತದೆ. ಬೇಗ, ಸ್ಪಷ್ಟವಾಗಿ ಹೇಳಿದರೆ ಸಾಕು. ಗಂಟೆಗಟ್ಟಲೆ ಕಾಯಿಸಿ ಇಲ್ಲ ಅಂದರೇನೇ ನನಗೆ ಕಷ್ಟ.

ಇನ್ನೊಂದು ಮಾತು. ನೀವೆಲ್ಲ ಓಡಿ ಬಂದು ತುಂಬಿಕೊಟ್ಟರೆ ಕಾಗದದ ಮೇಲೆ ಕೊರತೆಯೇ ಕಾಣುವುದಿಲ್ಲ. ನಮ್ಮ ಒಬ್ಬ ಸಿಸ್ಟರ್ ತಾವು ಮಾಡಿದ ಎಕ್ಸ್‌ಟ್ರಾ ಡ್ಯೂಟಿಯನ್ನೆಲ್ಲ ತಾರೀಖು, ಗಂಟೆ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮೂರು ತಿಂಗಳಾದ ಮೇಲೆ ತಂದು ನನ್ನ ಮೇಜಿನ ಮೇಲಿಟ್ಟರು. ಅದನ್ನೇ ಹಿಡಿದುಕೊಂಡು ನಾನು ಮೇಲಿನವರ ಹತ್ತಿರ ಹೋದೆ. ಅಲ್ಲಿಯವರೆಗೆ ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ 'ನಡೀತಾ ಇದೆಯಲ್ಲ' ಅನ್ನುತ್ತಿದ್ದವರು, ಆ ದಿನ ಪುಟ ತಿರುಗಿಸಿ ನೋಡಿದರು. ಎರಡು ತಿಂಗಳಾದ ಮೇಲೆ ವಾರ್ಡ್‌ಗೆ ಒಬ್ಬರು ಹೊಸ ಸಿಸ್ಟರ್ ಬಂದರು.