ಗುಳಿಗಿ ಕೈಚೀಲದಾಗ ಇರ್ಲಿ, ಸುಧಾ

ಹಲೋ ಸುಧಾ, ಮಾವಶಿ ಮಾತಾಡಾಕತ್ತೇನಿ. ಕುಕ್ಕರ್ ಇಟ್ಟೇನಿ, ಅದೂ ನಡುವ ಕೂಗತೈತಿ. ಬರೋ ತಿಂಗಳ ಬೆಳಗಾವಿ ಸಾಂಬ್ರಾದಿಂದ ವಿಮಾನದಾಗ ಬೆಂಗಳೂರು, ಅಲ್ಲಿಂದ ದುಬೈ, ಅವ್ವನ ಸೊಂಟ ತಡೀತೈತೋ ಇಲ್ಲೋ ಅಂತ ಕೇಳೀದಿಯಲ್ಲ, ತಡೀತೈತಿ. ಖರೆ, ನೋವಿನ ಗುಳಿಗಿ ಮಾತ್ರ ದೊಡ್ಡ ಬ್ಯಾಗಿನ್ಯಾಗ ಹಾಕಬ್ಯಾಡ್ರಿ.

ದಿಲ್ಲಿಗೆ ಹೋದಾಗ ನಾ ಹಂಗ ಮಾಡಿದ್ನಿ. ಗುಳಿಗಿ, ಮುಲಾಮು, ಮೊಣಕಾಲಿನ ಪಟ್ಟಿ ಎಲ್ಲಾ ಕೌಂಟರಿನ್ಯಾಗ ಕೊಟ್ಟೆ. ಬಾಗಲ ಹಾಕಿದ ಮ್ಯಾಲ ವಿಮಾನ ಎರಡ ತಾಸ ಅಲ್ಲೇ ನಿಂತಬಿಡ್ತು. ಏಳಾಕ ಹೋದ್ರ ಕುಂಡ್ರಿ ಅಂತಾರ, ಕೆಳಗಿನ ಬ್ಯಾಗ ಯಾರ ತಗದ ಕೊಡ್ತಾರ? ಇಳಿಯೂ ಹೊತ್ತಿಗೆ ಮೊಣಕಾಲ ಒನಕಿ ಆಗಿತ್ತು. ನೋವು ಏರಿದ ಮ್ಯಾಲ ನುಂಗಿದ್ರ ಗುಳಿಗಿ ಲಗೂ ಹತ್ತಂಗಿಲ್ಲ, ಡಾಕ್ಟರ್ ಹೇಳಿದ ಹೊತ್ತಿಗೇ ನುಂಗಬೇಕು, ಎರಡ ತುತ್ತ ಉಂಡು. ಪ್ಯಾರಾಸಿಟಮಾಲ್ 650 ಇದ್ರ ಒಂದಕ್ಕೊಂದಕ್ಕ ಆರ ತಾಸ ಬಿಡ್ರಿ. ದುಬೈ ಗಡಿಯಾರ ನಮ್ಮಕಿಂತ ಒಂದೂವರಿ ತಾಸ ಹಿಂದ, ಅಕ್ಕನ ಕೈಗಡಿಯಾರ ನಮ್ಮ ಟೈಮಿಗೇ ಇರ್ಲಿ.

ಸೀಟು ನಡುವಿನ ದಾರಿ ಬಾಜೂದು ತಗೋ, ತಾಸಿಗೊಮ್ಮೆ ಎದ್ದ ನಿಲ್ಲಾಕ. ಸೊಂಟದ ಕುಣಿಗೆ ಟಾವೆಲ್ ಸುರುಳಿ ಸುತ್ತಿ ಇಡು, ಮಣಿಕಟ್ಟಿನಷ್ಟ ದಪ್ಪ ಸಾಕು. ಬಿಸಿನೀರಿನ ಚೀಲ ಖಾಲಿ ಒಯ್ದು ಚೆಕಿಂಗ್ ದಾಟಿದ ಮ್ಯಾಲ ಚಹಾದಂಗಡ್ಯಾಗ ಅರ್ಧ ತುಂಬಿಸ್ಕೋ, ಒಳಗಿನ ಗಾಳಿ ಹಿಂಡಿ ಬಿರಡಿ ಹಾಕು. ಇಲ್ಲಂದ್ರ ಮ್ಯಾಲ ಹೋದಂಗ ಗಾಳಿ ಉಬ್ಬಿ ಬಿಸಿನೀರ ತೊಡಿ ಮ್ಯಾಲ ಸೋರತೈತಿ. ವ್ಹೀಲ್‌ಚೇರ್ ಟಿಕೆಟ್ ಜೋಡೀನೇ ಹೇಳು, ತಡಾ ಅಂದ್ರೂ 48 ತಾಸ ಮೊದಲ.

ಅಕ್ಕ "ಮಂದಿ ಏನಂದಾರು" ಅಂತಾಳ, ಗೊತ್ತೈತಿ. ಮಂದಿ! ನನ್ನ ಮೊಣಕಾಲ ಆಪರೇಷನ್ ಆದಾಗ ಈ ಮನಿ ಮಂದಿ ವಾಟ್ಸ್ಯಾಪ್ ಗ್ರೂಪಿನ್ಯಾಗ ನಲವತ್ತೊಂದ ಹೆಬ್ಬೆಟ್ಟ ಬಂದ್ವು, ಒಂದ ರೊಟ್ಟಿ ಬರಲಿಲ್ಲ. ಗೋಕಾಕದಾಂವ ಅದೇ ವಾರ ಎರಡ ಕಿಲೋ ಕರದಂಟು ಬೀಗರಿಗೆ ಒಯ್ದಾನ, ನಮ್ಮ ಮನಿ ಮುಂದಿಂದ. ಕೇಳಾಕತ್ತಿದ್ರ ಕೇಳ್ಲಿ.

ಇರ್ಲಿ. ಗುಳಿಗಿ ಕೈಚೀಲದಾಗ, ತಿಳೀತಿಲ್ಲ? ಬಿಡಿಸದ ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಸಮೇತ. ಬಿಡಿಸಿ ಡಬ್ಬ್ಯಾಗ ಹಾಕಿದ್ರ ಅದು ಏನಂತ ಯಾರಿಗೂ ಗೊತ್ತಾಗಂಗಿಲ್ಲ.

ಅಯ್ಯ, ತಡಿ, ಹೇಳೂದೇ ಉಳೀತು! ಚೀಟಿ ಫೋಟೋ ಹಾಕಿದ್ಯಲ್ಲ, ಅದರಾಗ ಟ್ರಾಮಾಡೋಲ್, ಪ್ರೆಗಾಬಾಲಿನ್ ಅನ್ನೂ ನೋವಿನ ಗುಳಿಗಿ ಎರಡೂ ಅದಾವು. ದುಬೈನ್ಯಾಗ ಅವಕ್ಕ ಭಾಳ ಬಿಗಿ ಕಾಯ್ದೆ, ಪರವಾನಗಿ ಇಲ್ದ ಒಯ್ದ್ರ ತ್ರಾಸ ಆಗತೈತಿ. ಅಲ್ಲಿನ ಸರ್ಕಾರಕ್ಕ ಆನ್‌ಲೈನ್ ಅರ್ಜಿ ಮೊದಲೇ ಹಾಕಬೇಕು. ಡಾಕ್ಟರ್ ಕಡಿಂದ ಪತ್ರ ಬರೀಸು, ಅದರಾಗ ಕಂಪನಿ ಹೆಸರಷ್ಟೇ ಅಲ್ಲ, ಔಷಧದ ಹೆಸರು, ಮಿಲಿಗ್ರಾಂ, ದಿನಕ್ಕ ಎಷ್ಟು ಎಲ್ಲಾ ಇರ್ಲಿ. ಹಂಗಂತ ಅಂಜಿ ನೀವ ನೀವೇ ಗುಳಿಗಿ ಪಟ್ಟನೆ ಬಿಡಬ್ಯಾಡ್ರಿ, ಬೆವರು ಬಿಡತೈತಿ, ನಿದ್ದಿ ಹೋಗತೈತಿ. ಬದಲಿ ಗುಳಿಗಿ ಬೇಕಾದ್ರ ಡಾಕ್ಟರ್‌ನ್ನೇ ಕೇಳು, ನಾಳೆ ಕೇಳು. ಆರ ಸೀಟಿ ಆತು ನೋಡ, ಬ್ಯಾಳಿ ಹೋತು.