'ನೋ ವೇಕ್' ಬೋರ್ಡಿಗೆ ಕನ್ನಡ ಬೇಕು, ಇವತ್ತು ಸಂಜೆಯೊಳಗೆ

ದಾವಣಗೆರೆಯಿಂದ:
ನಮಸ್ಕಾರ. ನಮ್ಮದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಹೊನ್ನಾವರದ ಕಡೆಯಿಂದ ಒಂದು ಆರ್ಡರ್ ಬಂದಿದೆ. ಶರಾವತಿ ಹೊಳೆಯ ಬಂದರಿಗೆ ಸಣ್ಣ ಬೋಟಿನಲ್ಲಿ ಸುತ್ತಾಡಲು ಬರುವವರಿಗೆ ಬೋರ್ಡು. ಇಂಗ್ಲಿಷ್ ಕಳಿಸಿದ್ದಾರೆ, ಕನ್ನಡ ನೀವೇ ಮಾಡಿಕೊಳ್ಳಿ ಅಂದಿದ್ದಾರೆ. ಹಾರ್ಬರ್, ವೇಕ್, ಮೂರಿಂಗ್, ಫೆಂಡರ್ ಇವಿಷ್ಟಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ವೇಕ್ ಅಂದರೆ ಬೋಟು ಜೋರಾಗಿ ಹೋದಾಗ ಹಿಂದೆ ಏಳುವ ಅಲೆ. ನಮ್ಮ ಹುಡುಗ 'ಎಚ್ಚರವಾಗಬೇಡಿ' ಅಂತ ಟೈಪ್ ಮಾಡಿಟ್ಟಿದ್ದ. ಸಂಜೆ ಮಷಿನ್‌ಗೆ ಹಾಕಬೇಕು, ದಯವಿಟ್ಟು ಬೇಗ ಹೇಳಿ.

ಹರಿಹರದಿಂದ:
ಹಾರ್ಬರಿಗೆ 'ರೇವು'. ಬಂದರು ಪಾರಸಿ, ಲಂಗರೂ ಪಾರಸಿ. ನೀರಿನ ವಿಷಯದಲ್ಲಾದರೂ ಸಾಲ ಮಾಡುವುದು ಬಿಡೋಣ. ವೇಕ್‌ಗೆ 'ಹಿಂದಲೆ' ಸಾಕು.

ಚಳ್ಳಕೆರೆಯಿಂದ:
ರೇವು ಅಂತ ಬರೆದರೆ ನಮ್ಮ ಕಡೆಯವರು ಬಟ್ಟೆ ಗಂಟು ಹೊತ್ತುಕೊಂಡು ಬರುತ್ತಾರೆ! ಇಲ್ಲಿನ ತೆಲುಗು ಮನೆಗಳಲ್ಲಿ ಚಾಕಿರೇವು ಅಂದರೆ ಬಟ್ಟೆ ಒಗೆಯುವ ಜಾಗ.

ಹರಿಹರದಿಂದ:
ತೆಲುಗಿನಲ್ಲಿ ಇದ್ದ ಮಾತ್ರಕ್ಕೆ ತೆಲುಗಿನದೇ ಆಗಿಬಿಡುತ್ತಾ? ಅದು ಇಬ್ಬರದ್ದೂ. ಬೇಡ ಅಂದರೆ ತಮಿಳಿನ ತುರೈ ನೋಡಿ, ಅಂದರೆ ದೋಣಿ ನಿಲ್ಲುವ ದಡ, ನಮ್ಮ ತೊರೆ ನೋಡಿ. ಹಳಗನ್ನಡದಲ್ಲಿ ತೊಱೆ. ಎರಡಕ್ಕೂ ಬೇರು ಒಂದೇ. ಅವರು ದಡ ಹಿಡಿದರು, ನಾವು ನೀರು ಹಿಡಿದೆವು. 'ತೊರೆಗಟ್ಟೆ' ಅಂತ ಹಾಕಿ, ಎಷ್ಟು ಚೆನ್ನಾಗಿದೆ.

ಚಿತ್ರದುರ್ಗದಿಂದ (ಊರು ಕುಂದಾಪುರ):
ಸ್ವಾಮಿ, ತೊರೆಗಟ್ಟೆ ಅಂತ ಬರೆದರೆ ಹೊನ್ನಾವರದಲ್ಲಿ ಒಬ್ಬರಿಗೂ ಅರ್ಥವಾಗುವುದಿಲ್ಲ. ಕರಾವಳಿಯಲ್ಲಿ ಅದು ಬಂದರು. ಹಾಗೇ ಬಿಡಿ. ಬೋಟು ನಿಲ್ಲುವ, ಮೀನು ಇಳಿಸುವ ಕಟ್ಟೆಗೆ ದಕ್ಕೆ ಅನ್ನುತ್ತಾರೆ, ಮಂಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಎಂಜಿನ್ ಕೂರಿಸಿದ ದೊಡ್ಡದು ಬೋಟು, ಸಣ್ಣದು ನಾಡದೋಣಿ. ನೀವು ಬರೀ 'ದೋಣಿ' ಅಂತ ಹಾಕಿದರೆ ಸ್ಪೀಡ್ ಬೋಟಿನವನು ಇದು ನನಗಲ್ಲ ಅಂತ ಹೋಗಿಬಿಡುತ್ತಾನೆ.

ವೇಕ್‌ಗೆ ನಾಮಪದವೇ ಬೇಡ. 'ನಿಧಾನ, ಅಲೆ ಏಳಿಸಬೇಡಿ' ಅನ್ನಿ. ಅದು ಯಾಕೆ ಬೇಕು ಅಂದರೆ, ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ನೀವು ಎಬ್ಬಿಸಿದ ಅಲೆ ಬಂದರೆ ಹಲಗೆಗೆ ಹಲಗೆ ಗುದ್ದುತ್ತದೆ, ಹಗ್ಗ ಜಗ್ಗಿ ಹರಿಯುತ್ತದೆ, ನಾಡದೋಣಿಯಲ್ಲಿ ನಿಂತು ಬಲೆ ಬಿಡಿಸುತ್ತಿರುವವನು ನೀರಿಗೆ ಬೀಳುತ್ತಾನೆ. ಹೊಳೆ ದಂಡೆಯ ಮಣ್ಣೂ ಕುಸಿಯುತ್ತದೆ.

ಮೂರಿಂಗ್ ಅಂದರೆ ಬೋಟು ಕಟ್ಟುವುದು, ಅಷ್ಟೇ. 'ಕೇಳಿ ಕಟ್ಟಿ' ಅಂತ ಹಾಕಿ. ಬೆಳಿಗ್ಗೆ ಮೀನು ಇಳಿಸುವ ಜಾಗದಲ್ಲಿ ಕಟ್ಟಿ ಚಾ ಕುಡಿಯಲು ಹೋಗುವವರಿಂದಲೇ ಅರ್ಧ ಜಗಳ. ಅಲ್ಲಿ ಉಬ್ಬರ ಇಳಿತ ಇದೆ, ನಿಮ್ಮ ಸೂಳೆಕೆರೆಯ ಹಾಗಲ್ಲ. ಹಗ್ಗ ಬಿಗಿಯಾಗಿ ಕಟ್ಟಿದರೆ ನೀರು ಇಳಿದಾಗ ಬೋಟು ನೇತಾಡುತ್ತದೆ, ಸ್ವಲ್ಪ ಸಡಿಲ ಬಿಡಬೇಕು. ದಡಕ್ಕೆ ಬರುವಾಗ ಹರಿವಿಗೆ ಎದುರಾಗಿ ಬರಬೇಕು, ಆಗ ಬೋಟು ಮೆಲ್ಲಗೆ ಬಂದರೂ ಹೇಳಿದ ಮಾತು ಕೇಳುತ್ತದೆ. ಸಮುದ್ರ ಉಕ್ಕಿ ಬರುವಾಗ ಹೊಳೆಯ ಹರಿವೇ ತಿರುಗುತ್ತದೆ, ಅದಕ್ಕೇ ಮೊದಲು ನೀರು ನೋಡಿ, ಆಮೇಲೆ ದಿಕ್ಕು. ಕಿರಿದಾದ ದಾರಿಯಲ್ಲಿ ಬಲಗಡೆ ಹಿಡಿದು ಹೋಗುವುದು, ದೊಡ್ಡ ಬೋಟಿಗೆ ಅಡ್ಡ ಬರದಿರುವುದು, 1972ರ ಸಮುದ್ರ ಸಂಚಾರ ನಿಯಮದಲ್ಲೇ ಇದೆ. ರಸ್ತೆಯಲ್ಲಿ ಎಡಕ್ಕೆ ಹೋಗಿ ರೂಢಿಯಾದ ನಮ್ಮವರಿಗೆ ಇದನ್ನು ದಪ್ಪಕ್ಷರದಲ್ಲೇ ಹೇಳಬೇಕು.

ಫೆಂಡರಿಗೆ ಕನ್ನಡ ಟೈರು. ನಗಬೇಡಿ. ಬೋಟು ಕಟ್ಟೆಗೆ ಗುದ್ದದ ಹಾಗೆ ಪಕ್ಕದಲ್ಲಿ ನೇತುಹಾಕುವುದು ಹಳೇ ಟೈರೇ.

ಹರಿಹರದಿಂದ:
ಬೋಟು, ಟೈರು, ಬಂದರು. ಕನ್ನಡ ಬೋರ್ಡಿನಲ್ಲಿ ಕನ್ನಡ ಹುಡುಕಲು ಇನ್ನು ದುರ್ಬೀನು ಬೇಕು.

ಹಿರಿಯೂರಿನಿಂದ:
ದುರ್ಬೀನೂ ಪಾರಸಿಯೇ ಸಾರ್.

ದಾವಣಗೆರೆಯಿಂದ:
ಜಗಳ ಆಮೇಲೆ ಮಾಡಿಕೊಳ್ಳಿ. ದಕ್ಕೆಯಾ, ಧಕ್ಕೆಯಾ? ಎರಡೂ ಕಾಣುತ್ತಿದೆ.

ಹಿರಿಯೂರಿನಿಂದ:
ಇದು ಮರಾಠಿಯ ಧಕ್ಕಾ. ಮುಂಬಯಿಯ ಭಾವುಚಾ ಧಕ್ಕಾ ಕೇಳಿದ್ದೀರಲ್ವಾ? ಅಲ್ಲಿ ಗುದ್ದಿಗೂ ಧಕ್ಕಾ, ಬೋಟು ನಿಲ್ಲುವ ಕಟ್ಟೆಗೂ ಧಕ್ಕಾ. ನಮ್ಮಲ್ಲಿ ಧಕ್ಕೆ ಅಂದರೆ ಹಾನಿ. 'ಧಕ್ಕೆಗೆ ಧಕ್ಕೆ ಮಾಡಬೇಡಿ' ಅಂತ ಬರೆದರೆ ಓದಿದವನು ಬೋಟು ಬಿಟ್ಟು ಯೋಚಿಸುತ್ತಾ ಕೂರುತ್ತಾನೆ. ಕಟ್ಟೆಗೆ ಅಲ್ಪಪ್ರಾಣವೇ ಇರಲಿ.

ಹರಿಹರದಿಂದ:
ಮಹಾಪ್ರಾಣ ಬಿಟ್ಟರೆ ಮರಾಠಿ ಕನ್ನಡ ಆಗುವುದಿಲ್ಲ. 'ಕಟ್ಟೆ' ಅಂತ ನೀವೇ ಅಂದಿರಿ, ಅದನ್ನೇ ಹಾಕಬಾರದಾ?

ಚಿತ್ರದುರ್ಗದಿಂದ:
ಹೊಳೆಯಲ್ಲಿ ಬರುವವನಿಗೆ ಕಟ್ಟೆ ಯಾವುದು ಅಂತ ಗೊತ್ತಾಗಬೇಕಲ್ಲ. ದಕ್ಕೆ ಅಂದರೆ ಒಂದೇ. ಇನ್ನೊಂದು, ಅಳಿವೆ ಅನ್ನುವ ಪದ ಬೋರ್ಡಿನಲ್ಲಿ ಬರಲೇಬೇಕು. ಹೊಳೆ ಸಮುದ್ರ ಸೇರುವ ಬಾಯಿ. ಅಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಾ ಇರುತ್ತದೆ, ಅಲೆ ಅದರ ಮೇಲೆ ಮುರಿಯುತ್ತದೆ. ಊರಿನ ಮೀನುಗಾರರೇ ಅಲ್ಲಿ ಹುಷಾರಾಗಿ ಹೋಗುತ್ತಾರೆ. ಸುತ್ತಾಡಲು ಬಂದವರು ಆ ಕಡೆ ಹೋಗದಿದ್ದರೇ ಒಳ್ಳೆಯದು.

ದಾವಣಗೆರೆಯಿಂದ:
ಹೀಗೆ ಹಾಕುತ್ತಿದ್ದೇನೆ, ಅರ್ಧ ಗಂಟೆ ಟೈಮ್ ಇದೆ:
"ಬಂದರು ಬಂತು, ನಿಧಾನ. ಅಲೆ ಏಳಿಸಬೇಡಿ. ಬಲಗಡೆ ಹಿಡಿದು ಬನ್ನಿ, ಮೀನು ಬೋಟಿಗೆ ದಾರಿ ಬಿಡಿ. ದಕ್ಕೆಯಲ್ಲಿ ಕೇಳಿ ಕಟ್ಟಿ. ಪಕ್ಕಕ್ಕೆ ಟೈರು ಇಳಿಬಿಡಿ. ಲೈಫ್ ಜಾಕೆಟ್ ತೆಗೆಯಬೇಡಿ. ಅಳಿವೆಯ ಕಡೆ ಹೋಗಬೇಡಿ."

ಚಳ್ಳಕೆರೆಯಿಂದ:
ಚೆನ್ನಾಗಿದೆ. 'ಕಸ ನೀರಿಗೆ ಹಾಕಬೇಡಿ' ಒಂದು ಸೇರಿಸಿ.

ಹರಿಹರದಿಂದ:
ಲೈಫ್ ಜಾಕೆಟ್‌ಗೆ 'ತೇಲಂಗಿ' ಅಂತ ಯಾಕೆ ಆಗಬಾರದು?

ಚಿತ್ರದುರ್ಗದಿಂದ:
ಮುಳುಗುವವನು ತೇಲಂಗಿ ಅಂದರೇನು ಅಂತ ಕೇಳುತ್ತಾ ಇರಬೇಕಾ? ಪ್ರಿಂಟ್ ಕೊಡಿ ಮಾರಾಯ್ರೆ.